ನನ್ನದೇ ಹಿಟ್ ವಿಡಿಯೊವನ್ನು ನಾನೇ ಕಾಪಿ ಹೊಡೆಯಬೇಕಾ?

ದಬ್ಬಳ_ದಾರ (ಚರ್ಚೆ ಶುರು ಮಾಡಿದವರು)

ಎಲ್ಲರಿಗೂ ನಮಸ್ಕಾರ. ನಾನು ಯೂಟ್ಯೂಬ್‌ನಲ್ಲಿ ಪುಸ್ತಕ ಕಟ್ಟುವ ವಿಡಿಯೊ ಮಾಡುತ್ತೇನೆ. ಹಾಳೆ ಮಡಚಿ, ದಬ್ಬಳದಲ್ಲಿ ತೂತು ಮಾಡಿ, ಹೊಲಿದು, ರಟ್ಟು ಹಾಕುವ ಕೆಲಸ. ಮೊದಲಿನಿಂದಲೂ ಒಂದೇ ರೀತಿ. ಕ್ಯಾಮೆರಾ ಮೇಜಿನ ಮೇಲಕ್ಕೆ ಮುಖ ಮಾಡಿರುತ್ತದೆ, ಕೈ ಮಾತ್ರ ಕಾಣುತ್ತದೆ, ಮಾತು ಕಡಿಮೆ. ದಾರಕ್ಕೆ ಮೇಣ ಸವರುವಾಗ ಸುಮ್ನೆ ಸವರುತ್ತೇನೆ. ಹಿಂದೆ ಮ್ಯೂಸಿಕ್ ಕೂಡ ಇರುವುದಿಲ್ಲ.

ಕೆಲವು ತಿಂಗಳ ಹಿಂದೆ ಒಂದು ವಿಡಿಯೊ ಬೇರೆ ಥರ ಬಂತು. "ಕೈಯಲ್ಲಿ ಕಟ್ಟಿದ್ದು" ಅಂತ ಲೇಬಲ್ ಹಾಕಿ ಮಾರುವ ಒಂದು ದುಬಾರಿ ನೋಟ್‌ಬುಕ್ಕನ್ನು ಬಿಚ್ಚಿ ನೋಡಿದೆ. ಒಳಗೆ ಒಂದು ಹೊಲಿಗೆಯೂ ಇಲ್ಲ, ಬರೀ ಅಂಟು. ನನಗೆ ಸಿಟ್ಟು ಬಂತು. ಕ್ಯಾಮೆರಾ ಆನ್ ಇತ್ತು, ಬೈದುಕೊಂಡೇ ಅದನ್ನು ಹರಿದೆ. ಆ ವಿಡಿಯೊ ಓಡಿದ್ದು ನೋಡಿದರೆ ನನಗೇ ಗಾಬರಿ. ನನ್ನ ಉಳಿದ ವಿಡಿಯೊಗಳನ್ನೆಲ್ಲ ಒಟ್ಟು ಸೇರಿಸಿದರೂ ಅಷ್ಟು ವೀವ್ಸ್ ಇಲ್ಲ.

ಈಗ ಬರುವವರೆಲ್ಲ "ಇನ್ನೊಂದು ಹರಿಯಿರಿ" ಅಂತಾರೆ. ಹೊಲಿಗೆ ವಿಡಿಯೊ ಹಾಕಿದರೆ "ಬೋರ್, ಮೊದಲಿನ ಥರ ಮಾಡಿ" ಅಂತ ಕಾಮೆಂಟ್. ಅವರ ಲೆಕ್ಕದಲ್ಲಿ ಮೊದಲಿನ ನಾನು ಅಂದರೆ ಆ ಒಂದು ದಿನದ ನಾನು.

ಸರಿ ಅಂತ ಇನ್ನೊಂದು ನೋಟ್‌ಬುಕ್ ತಂದು ಕೂತೆ. ಬಿಚ್ಚಿದರೆ ಹೊಲಿಗೆ ಪರವಾಗಿಲ್ಲ, ಚೆನ್ನಾಗಿಯೇ ಇದೆ. ಸಿಟ್ಟು ಬರಲಿಲ್ಲ. ಬಂದ ಹಾಗೆ ಮುಖ ಗಂಟಿಕ್ಕಿ ಒಂದು ಟೇಕ್ ತೆಗೆದುಕೊಂಡೆ. ಪ್ಲೇ ಮಾಡಿ ನೋಡಿ ಡಿಲೀಟ್ ಒತ್ತಿದೆ.

ಬೇರೆಯವರನ್ನು ಕಾಪಿ ಹೊಡೆಯಬೇಡಿ ಅಂತ ಎಲ್ಲರೂ ಹೇಳುತ್ತಾರೆ. ನನ್ನನ್ನೇ ನಾನು ಕಾಪಿ ಹೊಡೆಯುವ ಪರಿಸ್ಥಿತಿ ಬಂದರೆ? ನಿಮ್ಮಲ್ಲಿ ಯಾರಿಗಾದರೂ ಹೀಗೆ ಆಗಿದೆಯಾ?

---

ನೇರನುಡಿ

ಬೇಜಾರು ಮಾಡಿಕೊಳ್ಳಬೇಡಿ, ನೇರವಾಗಿ ಹೇಳುತ್ತೇನೆ. "ಸ್ವಂತಿಕೆ" ಅಂತ ಹೇಳಿಕೊಂಡು ಬೋರಿಂಗ್ ವಿಡಿಯೊ ಮಾಡುವವರನ್ನು ತುಂಬಾ ಜನ ನೋಡಿದ್ದೇನೆ. ಲೈಟ್ ಸರಿ ಇಲ್ಲ, ಆಡಿಯೊ ಕೇಳಲ್ಲ, ಥಂಬ್‌ನೇಲ್‌ನಲ್ಲಿ (ವಿಡಿಯೊ ಒತ್ತುವ ಮುಂಚೆ ಕಾಣುವ ಚಿತ್ರ) ಏನಿದೆ ಅಂತ ಗೊತ್ತಾಗಲ್ಲ. ಕೇಳಿದರೆ "ಇದು ನನ್ನ ಸ್ಟೈಲ್" ಅಂತಾರೆ. ಮೈಕ್ ಸರಿಯಾಗಿ ಇಡದೇ ಇರುವುದೂ ಒಂದು ಸ್ಟೈಲಾ?

ಜನ ಹರಿಯೋದು ಕೇಳುತ್ತಿದ್ದಾರೆ ಅಂದರೆ ಹರಿಯಿರಿ. ನೋಡುವವರಿಗೆ ಮರ್ಯಾದೆ ಕೊಡೋದೂ ಒಂದು ಗುಣವೇ.

---

ಕತ್ತರಿ_ಕೆಲಸ

ನಾನು ಬೇರೆಯವರ ವಿಡಿಯೊ ಎಡಿಟ್ ಮಾಡಿಯೇ ಹೊಟ್ಟೆ ಹೊರೆಯುವವನು. ಹಾಗಾಗಿ ಒಳಗಿನಿಂದ ಒಂದಿಷ್ಟು ಹೇಳುತ್ತೇನೆ, ಸ್ವಲ್ಪ ಉದ್ದ ಆಗಬಹುದು.

ಬರುವ ಕ್ಲೈಂಟ್‌ಗಳಲ್ಲಿ ಹೆಚ್ಚಿನವರ ಮೊದಲ ಸೂಚನೆ ಒಂದೇ: "ಗ್ಯಾಪ್ ಎಲ್ಲಾ ತೆಗೆದುಬಿಡಿ." ಉಸಿರು ತೆಗೆದುಕೊಂಡದ್ದು, "ಅಂದ್ರೆ…" ಅಂತ ಯೋಚಿಸಿದ್ದು, ಲೋಟ ಪಕ್ಕಕ್ಕಿಟ್ಟದ್ದು, ಎಲ್ಲಾ ಕಟ್. ನಾನೂ ಕಟ್ ಮಾಡುತ್ತೇನೆ, ಅದಕ್ಕೇ ಅಲ್ವಾ ದುಡ್ಡು ಕೊಡೋದು. ಆದರೆ ಒಂದು ವಿಚಿತ್ರ ಇದೆ. ಒಬ್ಬರು ಮೆಲ್ಲಗೆ ಮಾತಾಡುವವರು, ಇನ್ನೊಬ್ಬರು ಪಟಪಟ ಮಾತಾಡುವವರು, ಮತ್ತೊಬ್ಬರು ವಾಕ್ಯದ ಮಧ್ಯದಲ್ಲಿ ನಿಂತು ನಗುವವರು. ಮೂವರ ಫುಟೇಜೂ ಒಂದೇ ರೀತಿ ಕತ್ತರಿಸಿ ಟೈಮ್‌ಲೈನ್ ಮೇಲೆ ಇಟ್ಟರೆ, ಆಡಿಯೊದ ಅಲೆಗಳು ಒಂದೇ ಥರ ಕಾಣುತ್ತವೆ. ದಟ್ಟವಾಗಿ, ಎಲ್ಲೂ ಸಂದೇ ಇಲ್ಲದ ಹಾಗೆ. ಯಾರದು ಯಾವುದು ಅಂತ ಫೈಲ್ ಹೆಸರು ನೋಡಿ ತಿಳಿದುಕೊಳ್ಳಬೇಕು.

ಇದು ಹೀಗಾಗಿದ್ದಕ್ಕೆ ಕಾರಣವೂ ಇದೆ. ಯೂಟ್ಯೂಬ್ ಮೊದಲು ಕ್ಲಿಕ್ಕಿಗೆ ಜಾಸ್ತಿ ಬೆಲೆ ಕೊಡುತ್ತಿತ್ತು. 2012ರಲ್ಲಿ ಅದನ್ನು ಬದಲಾಯಿಸಿ, ಎಷ್ಟು ಹೊತ್ತು ನೋಡಿದರು ಅನ್ನುವುದಕ್ಕೆ ತೂಕ ಕೊಟ್ಟಿತು. ಸುಳ್ಳು ಥಂಬ್‌ನೇಲ್ ಹಾಕಿ ಕ್ಲಿಕ್ ಗಿಟ್ಟಿಸುವವರನ್ನು ತಡೆಯಲು ಅದು ಒಳ್ಳೆಯ ಕ್ರಮವೇ. ಆದರೆ ಅಲ್ಲಿಂದ ಮುಂದೆ ಎಲ್ಲರ ಕಣ್ಣೂ ರಿಟೆನ್ಷನ್ ಗ್ರಾಫಿನ ಮೇಲೆ, ಅಂದರೆ ವಿಡಿಯೊದ ಯಾವ ಕ್ಷಣದಲ್ಲಿ ಎಷ್ಟು ಜನ ಇನ್ನೂ ನೋಡುತ್ತಿದ್ದಾರೆ ಅಂತ ತೋರಿಸುವ ಗೆರೆಯ ಮೇಲೆ. ಗ್ರಾಫ್ ಎಲ್ಲಿ ಇಳಿಯಿತೋ ಅಲ್ಲಿ ಕತ್ತರಿ.

ದಬ್ಬಳ ಅವರೇ, ನಿಮಗೆ ಒಂದು ಕೆಲಸ ಹೇಳಲಾ? ಯೂಟ್ಯೂಬ್‌ನ ಅನಲಿಟಿಕ್ಸ್‌ನಲ್ಲಿ (ಅಂಕಿಅಂಶದ ಪುಟ) ರಿಟೆನ್ಷನ್ ಗ್ರಾಫನ್ನು ಹೊಸ ವೀಕ್ಷಕರು, ಮತ್ತೆ ಬಂದ ವೀಕ್ಷಕರು ಅಂತ ಬೇರೆ ಮಾಡಿ ನೋಡಬಹುದು. ಸಾಕಷ್ಟು ಜನ ನೋಡಿದ ವಿಡಿಯೊ ಆದರೆ ಎರಡು ಗೆರೆ ಬರುತ್ತವೆ. ನಿಮ್ಮ ಹೊಲಿಗೆ ವಿಡಿಯೊಗೆ ಅದನ್ನು ತೆಗೆದು ನೋಡಿ. ಗ್ರಾಫಿನಲ್ಲಿ ಉಬ್ಬು ಎಲ್ಲಾದರೂ ಇದೆಯಾ ಅಂತಲೂ ನೋಡಿ. ಉಬ್ಬು ಅಂದರೆ ಜನ ಹಿಂದಕ್ಕೆ ಹೋಗಿ ಮತ್ತೆ ನೋಡಿದ ಜಾಗ. ಎಲ್ಲರೂ ತಗ್ಗು ಹುಡುಕುತ್ತಾರೆ, ಉಬ್ಬು ನೋಡುವವರು ಕಡಿಮೆ.

---

ಹೊಸ_ಚಿಗುರು

ಅಕ್ಕಾ, ನಾನು ಈಗಷ್ಟೇ ಶುರು ಮಾಡಿದವನು, ಚಿತ್ರ ಬಿಡಿಸುವ ಚಾನಲ್. ನಿಮ್ಮದು ಓಡಿದ ಮೇಲಿನ ಕಷ್ಟ. ನನ್ನದು ಇನ್ನೂ ಓಡದ ಕಷ್ಟ 😀 ಯಾರನ್ನೂ ಕಾಪಿ ಹೊಡೆಯದೆ ಶುರು ಮಾಡೋದು ಹೇಗೆ ಅಂತಲೇ ಗೊತ್ತಾಗುತ್ತಿಲ್ಲ. ನಾನು ಏನು ಬಿಡಿಸಿದರೂ ನಾನು ಫಾಲೋ ಮಾಡುವ ಇಬ್ಬರು ಕಲಾವಿದರ ಥರವೇ ಬರುತ್ತದೆ.

---

ಹಳೆ_ರೇಡಿಯೊ

ಚಿಗುರು, ಬರಲಿ ಬಿಡಿ. ಕಲಿಯುವಾಗ ಯಾರ ಥರವೋ ಬರುತ್ತದೆ. ಇಬ್ಬರ ಥರ ಬರುತ್ತಿದ್ದರೆ ನಾಲ್ಕು ಜನರನ್ನು ನೋಡಿ, ಅದರಲ್ಲಿ ಇಬ್ಬರು ಚಿತ್ರಕಲೆಗೆ ಸಂಬಂಧವೇ ಇಲ್ಲದವರಿರಲಿ. ನಕಲು ಅಂತ ಗೊತ್ತಾಗಿ ನಿಮಗೇ ಕಿರಿಕಿರಿ ಆಗುವ ಜಾಗ ಒಂದು ಬರುತ್ತದೆ. ಅಲ್ಲಿ ಏನು ಬದಲಾಯಿಸುತ್ತೀರೋ ಅದನ್ನು ಗಮನಿಸಿ. ಅವರ ಹೆಸರು ಹೇಳುವುದು ಮಾತ್ರ ಬಿಡಬೇಡಿ. "ಈ ನೆರಳು ಹಾಕುವ ವಿಧಾನ ಇವರಿಂದ ಕಲಿತದ್ದು" ಅಂತ ಒಂದು ಸಾಲು ಸಾಕು.

ದಬ್ಬಳ ಅವರ ವಿಷಯಕ್ಕೆ. ನಾನು ಧ್ವನಿಯಲ್ಲೇ ಕೆಲಸ ಮಾಡಿದವನು, ಈಗ ಪಾಡ್‌ಕಾಸ್ಟ್ ಮಾಡುತ್ತೇನೆ. ನಿಮ್ಮ ಸಿಟ್ಟಿನ ವಿಡಿಯೊ ಓಡಿದ್ದಕ್ಕೆ ಹರಿದದ್ದೊಂದೇ ಕಾರಣ ಅಂತ ನನಗನ್ನಿಸಲ್ಲ. ನೋಟ್‌ಬುಕ್ ಹರಿಯುವವರು ಯಾರು ಬೇಕಾದರೂ ಸಿಗುತ್ತಾರೆ. ಹೊಲಿಗೆ ಇಲ್ಲ ಅಂತ ಪುಸ್ತಕದ ಬೆನ್ನು ನೋಡಿ ಹೇಳಬಲ್ಲವರು ಎಷ್ಟು ಜನ? ವರ್ಷಗಟ್ಟಲೆ ಹೊಲಿದ ಕೈಗೆ ಬಂದ ಸಿಟ್ಟು ಅದು. ನೋಡಿದವರಿಗೆ ಅದು ತಟ್ಟಿತು, ಅವರು ಅದಕ್ಕೆ "ಹರಿಯೋದು" ಅಂತ ಹೆಸರಿಟ್ಟರು. ಕೇಳುವವರಿಗೆ ತಮಗೆ ಏನು ಇಷ್ಟ ಆಯಿತು ಅಂತ ಗೊತ್ತಿರುತ್ತದೆ, ಯಾಕೆ ಇಷ್ಟ ಆಯಿತು ಅಂತ ಯಾವಾಗಲೂ ಗೊತ್ತಿರಲ್ಲ.

---

ನೇರನುಡಿ

ಹಳೆ ರೇಡಿಯೊ ಸರ್, ಚೆನ್ನಾಗಿ ಹೇಳಿದ್ರಿ. ಆದರೆ ಬಾಡಿಗೆ ಕಟ್ಟುವವರಿಗೆ ಯಾಕೆ ಇಷ್ಟ ಆಯಿತು ಅಂತ ಯೋಚಿಸಲು ಟೈಮ್ ಇರಲ್ಲ. ಯೂಟ್ಯೂಬ್ ಪಾರ್ಟ್ನರ್ ಪ್ರೋಗ್ರಾಂನಲ್ಲಿ ಜಾಹೀರಾತಿನ ಪಾಲು ಸಿಗಬೇಕಾದರೆ 1000 ಸಬ್‌ಸ್ಕ್ರೈಬರ್ಸ್, ಜೊತೆಗೆ 12 ತಿಂಗಳಲ್ಲಿ 4000 ಗಂಟೆ ವೀಕ್ಷಣೆ ಅಥವಾ 90 ದಿನದಲ್ಲಿ 1 ಕೋಟಿ ಶಾರ್ಟ್ಸ್ (ಚಿಕ್ಕ ವಿಡಿಯೊ) ವೀವ್ಸ್ ಬೇಕು. ಆ ಗಡಿ ದಾಟದವರಿಗೆ ಸ್ವಂತಿಕೆ ಅನ್ನೋದು ಸ್ವಲ್ಪ ದುಬಾರಿ ಮಾತು.

---

ಪರದೆ_ಹಿಂದೆ

ನೇರನುಡಿ ಅವರ ಮಾತು ಒಪ್ಪುತ್ತೇನೆ, ಅರ್ಧ.

ನಾನು ಆಕಾಶ, ನಕ್ಷತ್ರದ ಬಗ್ಗೆ ವಿಡಿಯೊ ಮಾಡುತ್ತೇನೆ. ಮುಖ ತೋರಿಸಿಲ್ಲ, ತೋರಿಸುವುದೂ ಇಲ್ಲ. "ನೀವು ಮುಖ ತೋರಿಸಿದರೆ ಇನ್ನೂ ಆಪ್ತವಾಗಿರುತ್ತೆ, ನಿಮ್ಮ ಮನೆ ತೋರಿಸಿ, ನಿಮ್ಮ ಕಥೆ ಹೇಳಿ" ಅಂತ ಎಷ್ಟು ಜನ ಸಲಹೆ ಕೊಟ್ಟರೋ. ಅವರ ಲೆಕ್ಕದಲ್ಲಿ ನಿಜವಾಗಿರುವುದು ಅಂದರೆ ಎಲ್ಲವನ್ನೂ ತೆರೆದಿಡುವುದು. ನನಗೆ ಹಾಗನ್ನಿಸಲ್ಲ. ನಾನು ಯಾವ ಪ್ರಶ್ನೆ ಕೇಳುತ್ತೇನೆ, ಯಾವ ಉತ್ತರಕ್ಕೆ ತೃಪ್ತಿ ಪಡಲ್ಲ, ಎಲ್ಲಿ ತಮಾಷೆ ಮಾಡುತ್ತೇನೆ, ಇದರಲ್ಲಿ ನಾನು ಇದ್ದೇನೆ. ನನ್ನ ಅಡುಗೆಮನೆಯಲ್ಲಿ ಇಲ್ಲ.

ಡೊನಾಲ್ಡ್ ಹಾರ್ಟನ್, ರಿಚರ್ಡ್ ವೋಲ್ ಅನ್ನುವ ಇಬ್ಬರು ಸಂಶೋಧಕರು 1956ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಟಿವಿಯಲ್ಲಿ ಬರುವವರು ತಮ್ಮ ಪರಿಚಯದವರೇ ಅಂತ ವೀಕ್ಷಕರಿಗೆ ಅನ್ನಿಸುತ್ತದೆ, ಆದರೆ ಆ ಕಡೆಯವರಿಗೆ ಇವರು ಯಾರೆಂದೇ ಗೊತ್ತಿರಲ್ಲ. ಈ ಒಂದು ಕಡೆಯ ಸ್ನೇಹಕ್ಕೆ ಪ್ಯಾರಾಸೋಷಿಯಲ್ ಅಂತ ಅವರು ಹೆಸರಿಟ್ಟರು. ಆಗ ಕಾಮೆಂಟ್ ಬಾಕ್ಸ್ ಇರಲಿಲ್ಲ. ಈಗ ಆ ಸ್ನೇಹಿತರು ಬಂದು "ನೀವು ಬದಲಾಗಿದ್ದೀರಿ" ಅಂತ ದೂರು ಹೇಳುತ್ತಾರೆ. ನಾನು ದೂರದರ್ಶಕದ ಬಗ್ಗೆ ಮಾಡುತ್ತಿದ್ದವಳು ಕ್ಷುದ್ರಗ್ರಹಕ್ಕೆ ಹೊರಳಿದಾಗ ಒಬ್ಬರು "ಮೋಸ ಮಾಡಿದ್ರಿ" ಅಂತ ಬರೆದಿದ್ದರು. ಕ್ಷುದ್ರಗ್ರಹದ ಬಗ್ಗೆ ಮಾತಾಡಿದ್ದಕ್ಕೆ ಮೋಸ!

ಇನ್ನೊಂದು. ಇತ್ತೀಚೆಗೆ ನನ್ನ ಧ್ವನಿಯನ್ನು ಎಐಗೆ ಕಲಿಸಿ, ದಿನಕ್ಕೊಂದು ವಿಡಿಯೊ ತಯಾರಿಸಿ ಕೊಡುತ್ತೇವೆ ಅಂತ ಒಂದು ಸಂಸ್ಥೆಯವರು ಮೇಲ್ ಹಾಕಿದ್ದರು. ಸ್ಯಾಂಪಲ್ ಕೂಡ ಕಳಿಸಿದ್ದರು. ನನ್ನದೇ ಧ್ವನಿ, ತಪ್ಪೇ ಇಲ್ಲ. ಆದರೆ ಶನಿಯ ಉಂಗುರದ ಬಗ್ಗೆ ಹೇಳುವಾಗ ಆ ಧ್ವನಿಗೆ ಏನೂ ಆಶ್ಚರ್ಯ ಇರಲಿಲ್ಲ. ವಿಮೆ ಪಾಲಿಸಿ ಓದಿದ ಹಾಗೆ ಓದಿತ್ತು. ಯೂಟ್ಯೂಬ್ ಜುಲೈ 2025ರಲ್ಲಿ ತನ್ನ ದುಡ್ಡಿನ ನಿಯಮವೊಂದರ ಹೆಸರನ್ನು "ಇನ್‌ಆಥೆಂಟಿಕ್ ಕಂಟೆಂಟ್" (ನೈಜವಲ್ಲದ ವಿಷಯ) ಅಂತ ಬದಲಾಯಿಸಿದೆ. ಅಚ್ಚು ಹಾಕಿದ ಹಾಗೆ ರಾಶಿ ರಾಶಿ ತಯಾರಾಗುವ ವಿಡಿಯೊಗಳಿಗೆ ಜಾಹೀರಾತಿನ ದುಡ್ಡಿಲ್ಲ ಅಂತ ಅದರ ಸಾರ. ಎಐ ಬಳಸಲೇಬಾರದು ಅಂತ ಅಲ್ಲಿ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ.

---

ನಿಧಾನಿ

ನಾನು ವಿಡಿಯೊದವನಲ್ಲ, ಬರೆಯುವವನು. ವಾರಕ್ಕೊಂದು ಪತ್ರ, ಓದುಗರ ಇಮೇಲ್‌ಗೆ ನೇರ ಹೋಗುತ್ತದೆ. ಮೊದಲು ಇನ್‌ಸ್ಟಾಗ್ರಾಂನಲ್ಲಿ ಬರೆಯುತ್ತಿದ್ದೆ. 2016ರಲ್ಲಿ ಅವರು ಫೀಡ್‌ನ ಕ್ರಮ ಬದಲಾಯಿಸಿದರು. ಅಲ್ಲಿಯವರೆಗೆ ಹೊಸದು ಮೇಲೆ, ಹಳೆಯದು ಕೆಳಗೆ. ಆಮೇಲೆ ಯಾರಿಗೆ ಏನು ತೋರಿಸಬೇಕು ಅಂತ ಲೆಕ್ಕ ಹಾಕಿ ತೋರಿಸಲು ಶುರು ಮಾಡಿದರು. ವೈನ್ ಅನ್ನುವ ಆ್ಯಪ್ ನೆನಪಿದೆಯಾ? 6 ಸೆಕೆಂಡ್ ವಿಡಿಯೊ. ಅಲ್ಲಿ ಎಂಥೆಂಥ ವಿಚಿತ್ರ ಪ್ರತಿಭೆಗಳು ಇದ್ದರು. 2017ರ ಜನವರಿಯಲ್ಲಿ ಬಾಗಿಲು ಹಾಕಿದರು. ಆ 6 ಸೆಕೆಂಡಿಗೆ ಅಂತಲೇ ತಮ್ಮನ್ನು ಕೆತ್ತಿಕೊಂಡವರು ಬೇರೆ ಕಡೆ ಹೋಗಿ ಮತ್ತೆ ಮೊದಲಿನಿಂದ ಕಲಿಯಬೇಕಾಯಿತು. ಶಾರ್ಟ್ಸ್ ಕೂಡ ಮೊದಲು 60 ಸೆಕೆಂಡ್ ಇತ್ತು, 2024ರ ಅಕ್ಟೋಬರ್‌ನಿಂದ 3 ನಿಮಿಷ. ಅಳತೆ ಅವರದು, ಯಾವಾಗ ಬೇಕಾದರೂ ಬದಲಾಯಿಸುತ್ತಾರೆ.

ಅದಕ್ಕೇ ನನ್ನ ಸಲಹೆ: ನಿಮ್ಮ ಹೊಲಿಗೆ ನೋಡಲು ಬರುವವರ ವಿಳಾಸ ನಿಮ್ಮ ಹತ್ತಿರ ಇರಲಿ. ಸಣ್ಣ ಪಟ್ಟಿ ಆದರೂ ಪರವಾಗಿಲ್ಲ. ವಿಡಿಯೊ ಕೆಳಗೆ ಒಂದು ಲಿಂಕ್ ಹಾಕಿ. ಹಾಗಂತ ಇಮೇಲ್ ಬಂದ ತಕ್ಷಣ ಸ್ವಾತಂತ್ರ್ಯ ಬಂತು ಅಂತ ಅಂದುಕೊಳ್ಳಬೇಡಿ. ಅಲ್ಲೂ ಎಷ್ಟು ಜನ ತೆರೆದರು ಅಂತ ಒಂದು ನಂಬರ್ ಇರುತ್ತದೆ. ಅದನ್ನು ನೋಡಿ ನೋಡಿ ನನ್ನ ಶೀರ್ಷಿಕೆಗಳೂ ಪ್ರಶ್ನಾರ್ಥಕ ಚಿಹ್ನೆ ಇಟ್ಟುಕೊಳ್ಳಲು ಶುರು ಮಾಡಿದ್ದವು.

---

ದಬ್ಬಳ_ದಾರ

ಎಲ್ಲರಿಗೂ ಧನ್ಯವಾದ. ಕತ್ತರಿ ಕೆಲಸ ಅವರೇ, ನೀವು ಹೇಳಿದ ಹಾಗೆ ಎರಡು ಗೆರೆ ತೆಗೆದು ನೋಡಿದೆ.

ಹೊಸಬರ ಗೆರೆ ಹೊಲಿಗೆ ವಿಡಿಯೊದಲ್ಲಿ ಮೊದಲ ಅರ್ಧ ನಿಮಿಷದಲ್ಲೇ ಧಪ್ ಅಂತ ಬೀಳುತ್ತದೆ. ಹರಿಯೋದು ಇಲ್ಲ ಅಂತ ಗೊತ್ತಾದ ತಕ್ಷಣ ಹೊರಟರು. ಮತ್ತೆ ಬರುವವರ ಗೆರೆ ಬೇರೆ ಥರ ಇದೆ. ಸೂಜಿಗೆ ದಾರ ಪೋಣಿಸುವಾಗ ಸ್ವಲ್ಪ ಇಳಿಯುತ್ತದೆ, ಆಮೇಲೆ ಕೊನೆಯವರೆಗೂ ಹೆಚ್ಚುಕಡಿಮೆ ಸಪಾಟು. ಎರಡನ್ನೂ ಸೇರಿಸಿ ನೋಡಿದಾಗ "ವಿಡಿಯೊ ಸೋತಿದೆ" ಅಂತ ಕಾಣುತ್ತಿತ್ತು.

ನನಗೆ ಆಶ್ಚರ್ಯ ಆಗಿದ್ದು ಉಬ್ಬು. ಒಂದು ಕಡೆ ನಾನು ಹಾಳೆಯನ್ನು ಒಮ್ಮೆ ಉದ್ದಕ್ಕೆ, ಒಮ್ಮೆ ಅಡ್ಡಕ್ಕೆ ಬಾಗಿಸಿ ನೋಡುತ್ತೇನೆ. ಕಾಗದಕ್ಕೆ ನಾರಿನ ದಿಕ್ಕು ಇರುತ್ತದೆ. ನಾರು ಹೋಗುವ ಕಡೆ ಸುಲಭವಾಗಿ ಮಡಚಿಕೊಳ್ಳುತ್ತದೆ, ಅಡ್ಡ ಮಡಚಿದರೆ ಎದುರಾಡುತ್ತದೆ, ಕೆಲವೊಮ್ಮೆ ಮಡಿಕೆ ಬಿರಿಯುತ್ತದೆ. ನಾರು ಪುಸ್ತಕದ ಬೆನ್ನಿಗೆ ಸಮನಾಗಿ, ಮೇಲಿಂದ ಕೆಳಗೆ ಓಡಬೇಕು. ಇಲ್ಲದಿದ್ದರೆ ಅಂಟಿನ ತೇವಕ್ಕೆ ಹಾಳೆ ಸುಕ್ಕಾಗುತ್ತದೆ, ಪುಸ್ತಕ ಸರಿಯಾಗಿ ತೆರೆದುಕೊಳ್ಳಲ್ಲ. ಇದನ್ನು ನಾನು ವಿವರಿಸಿಯೂ ಇರಲಿಲ್ಲ. ಅಭ್ಯಾಸಬಲದಿಂದ ಬಾಗಿಸಿದೆ, ಕಿವಿ ಹತ್ತಿರ ಹಿಡಿದು ಶಬ್ದ ಕೇಳಿದೆ, ಮುಂದೆ ಹೋದೆ. ಜನ ಅಲ್ಲಿಗೆ ಹಿಂದೆ ಹೋಗಿ ಮತ್ತೆ ನೋಡಿದ್ದಾರೆ. ಕ್ಲೈಂಟ್ ಆಗಿದ್ದರೆ ನಾನೇ ಆ ಜಾಗ ಕಟ್ ಮಾಡಿ ಅನ್ನುತ್ತಿದ್ದೆನೋ ಏನೋ.

ನೇರನುಡಿ ಅವರೇ, ನಿಮ್ಮ ಮೈಕ್ ಮಾತು ಸರಿ ಇದೆ. ಅದಕ್ಕೂ ನನ್ನ ಸ್ವಭಾವಕ್ಕೂ ಸಂಬಂಧ ಇಲ್ಲ. ಮೇಜಿಗೆ ಒಂದು ದೀಪ ಹೆಚ್ಚು ಹಾಕಿದರೆ ನಾನೇನೂ ಬದಲಾಗಲ್ಲ. ಥಂಬ್‌ನೇಲ್ ಕೂಡ ಬದಲಾಯಿಸುತ್ತೇನೆ.

---

ನೇರನುಡಿ

ಅಬ್ಬಾ, ಒಂದಾದರೂ ಒಪ್ಪಿದ್ರಲ್ಲ 😄 ಥಂಬ್‌ನೇಲ್‌ಗೆ ಯೂಟ್ಯೂಬ್‌ನಲ್ಲೇ ಟೆಸ್ಟ್ ಇದೆ. ಮೂರು ಹಾಕಬಹುದು, ಬೇರೆ ಬೇರೆ ಜನಕ್ಕೆ ಬೇರೆ ಬೇರೆ ತೋರಿಸುತ್ತದೆ. ಯಾವುದು ಜಾಸ್ತಿ ವೀಕ್ಷಣಾ ಸಮಯ ತಂದಿತು ಅನ್ನುವುದರ ಮೇಲೆ ಗೆಲ್ಲುವುದನ್ನು ಆರಿಸುತ್ತದೆ. ಕ್ಲಿಕ್ ದರ (ಥಂಬ್‌ನೇಲ್ ಕಂಡಾಗ ಶೇಕಡಾ ಎಷ್ಟು ಸಲ ಒತ್ತಿದರು ಅನ್ನುವುದು) ನೋಡಿ ತಲೆಬಿಸಿ ಮಾಡಿಕೊಳ್ಳಬೇಡಿ. ಅರ್ಧದಷ್ಟು ಚಾನಲ್‌ಗಳು ಶೇ. 2ರಿಂದ 10ರ ಒಳಗೇ ಇರುತ್ತವೆ ಅಂತ ಯೂಟ್ಯೂಬೇ ಹೇಳಿದೆ.

ಆದರೂ ನನ್ನ ಪ್ರಶ್ನೆ ಹಾಗೇ ಇದೆ. ಹೊಸಬರು ಬರದೆ ಹಳಬರನ್ನೇ ನಂಬಿಕೊಂಡು ಎಷ್ಟು ದಿನ?

---

ಕತ್ತರಿ_ಕೆಲಸ

ನ್ಯಾಯವಾದ ಪ್ರಶ್ನೆ. ಅದಕ್ಕೆ ನನ್ನ ಬಳಿ ಪೂರ್ತಿ ಉತ್ತರ ಇಲ್ಲ, ಒಂದು ದಾರಿ ಇದೆ.

ಬಿಚ್ಚಿ ನೋಡುವ ವಿಡಿಯೊ ಮಾಡಿ, ಆದರೆ ಸಿಟ್ಟನ್ನು ಮೊದಲೇ ಬುಕ್ ಮಾಡಿಕೊಳ್ಳಬೇಡಿ. ಆ ಎರಡನೇ ನೋಟ್‌ಬುಕ್ ಚೆನ್ನಾಗಿತ್ತು ಅಂದ್ರಲ್ಲ, ಅದೇ ವಿಡಿಯೊ. "ಬೈಯಲು ತಂದೆ, ಹೊಲಿಗೆ ಚೆನ್ನಾಗಿದೆ, ನೋಡಿ ಹೇಗೆ ಹಾಕಿದ್ದಾರೆ." ಹರಿಯುವುದನ್ನು ನೋಡಲು ಬಂದವರಲ್ಲಿ ಕೆಲವರು ಎದ್ದು ಹೋಗುತ್ತಾರೆ. ಉಳಿದವರು ಹೊಲಿಗೆ ನೋಡಲು ಕಲಿಯುತ್ತಾರೆ. ಫಾರ್ಮ್ಯಾಟ್ ಅವರದೇ ಇರಲಿ, ತೀರ್ಪು ನಿಮ್ಮದಿರಲಿ.

ಎಡಿಟ್ ಮಾಡುವಾಗ ನಾನು ಕೆಲವು ಕ್ಲೈಂಟ್‌ಗಳ ಜೊತೆ ಒಂದು ಪದ್ಧತಿ ಇಟ್ಟುಕೊಂಡಿದ್ದೇನೆ. ಗ್ರಾಫ್ ನೋಡುವ ಮುಂಚೆ, ರಫ್ ಕಟ್ (ಮೊದಲ ಕಚ್ಚಾ ಎಡಿಟ್) ನೋಡುತ್ತಲೇ, "ಇದನ್ನು ಏನೇ ಆದರೂ ಕಟ್ ಮಾಡಬೇಡಿ" ಅನ್ನುವ ಜಾಗಗಳಿಗೆ ಅವರೇ ಮಾರ್ಕರ್ ಹಾಕಬೇಕು. ಬಣ್ಣ ನೀಲಿ. ಉಳಿದದ್ದರ ಮೇಲೆ ನನಗೆ ಪೂರ್ತಿ ಸ್ವಾತಂತ್ರ್ಯ. ಒಬ್ಬರು ಇಡೀ ಟೈಮ್‌ಲೈನಿಗೆ ನೀಲಿ ಬಳಿದಿದ್ದರು, ಅದು ಬೇರೆ ಕಥೆ. ಇನ್ನೊಬ್ಬರಿಗೆ ಎಷ್ಟು ಯೋಚಿಸಿದರೂ ಒಂದು ನೀಲಿ ಗುರುತೂ ಹಾಕಲಾಗಲಿಲ್ಲ. ಅವರು ತುಂಬಾ ಜನಪ್ರಿಯ ಚಾನಲ್‌ನವರು. ಆ ವಾರ ಅವರು ನನಗೆ ಎರಡು ಸಲ ಫೋನ್ ಮಾಡಿ ಬೇರೇನೋ ಮಾತಾಡಿದರು, ಮಾರ್ಕರ್ ವಿಷಯ ಎತ್ತಲೇ ಇಲ್ಲ.

---

ಹೊಸ_ಚಿಗುರು

ನೀಲಿ ಮಾರ್ಕರ್ ಐಡಿಯಾ ಕದ್ದೆ, ಹೆಸರು ಹೇಳಿಯೇ ಕದಿಯುತ್ತೇನೆ ಅಣ್ಣಾ.

ದಬ್ಬಳ ಅಕ್ಕಾ, ಒಂದು ಅನುಮಾನ. ಸ್ಪಾನ್ಸರ್ ಬಂದಾಗ ಏನು ಮಾಡುತ್ತೀರಿ? ನನಗೆ ಇನ್ನೂ ಯಾರೂ ಬಂದಿಲ್ಲ, ಆದರೂ ಕನಸು ಕಾಣುವುದಕ್ಕೆ ದುಡ್ಡು ಕೊಡಬೇಕಾ 😀

---

ಹಳೆ_ರೇಡಿಯೊ

ಅವರು ಉತ್ತರ ಹೇಳುವ ಮುಂಚೆ ನನ್ನದೊಂದು. ಜಾಹೀರಾತು ಓದುವುದು ತಪ್ಪಲ್ಲ. ನಾನು ಎಷ್ಟೋ ಓದಿದ್ದೇನೆ. ಜಾಹೀರಾತು ಅಂತ ಸ್ಪಷ್ಟವಾಗಿ ಹೇಳಿ, ನಿಮ್ಮ ಮಾತಿನ ಧಾಟಿಯಲ್ಲಿ ಓದಿ. "ನಾನು ದಿನಾ ಇದನ್ನೇ ಬಳಸುತ್ತೇನೆ" ಅಂತ ಬರೆದುಕೊಟ್ಟರೆ, ಬಳಸದಿದ್ದರೆ, ಆ ಸಾಲು ಓದಬೇಡಿ. ಕೇಳುವವರಿಗೆ ಧ್ವನಿಯಲ್ಲೇ ಗೊತ್ತಾಗುತ್ತದೆ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ, ಪತ್ರ ಬರೆದು ಹೇಳುವವರಿದ್ದಾರೆ.

---

ದಬ್ಬಳ_ದಾರ

ಚಿಗುರು, ಸರಿಯಾದ ಹೊತ್ತಿಗೆ ಕೇಳಿದಿರಿ. ಹರಿಯುವ ವಿಡಿಯೊ ಆದ ಮೇಲೆ ಅಂಟು ತಯಾರಿಸುವ ಒಂದು ಕಂಪನಿಯಿಂದ ಮೇಲ್ ಬಂದಿದೆ. ನನಗೆ ಅದೇ ವಿಡಿಯೊದಲ್ಲಿ ಅಂಟನ್ನು ಬೈದಿದ್ದು ನೆನಪಾಗಿ ನಗು ಬಂತು. ಅವರ ಅಂಟು ಕೆಟ್ಟದ್ದಲ್ಲ. ಬೆನ್ನಿಗೆ ಹಚ್ಚಲು ನಾನೂ ಅಂಥದ್ದನ್ನೇ ಬಳಸುತ್ತೇನೆ, ಒಣಗಿದ ಮೇಲೂ ಬಾಗುತ್ತದೆ. ಹೊಲಿಗೆಯ ಬದಲಿಗೆ ಅಂಟು ಹಾಕಬಾರದು ಅನ್ನುವುದಷ್ಟೇ ನನ್ನ ವಾದ.

ಅವರು ಕಳಿಸಿದ ಸ್ಕ್ರಿಪ್ಟ್‌ನಲ್ಲಿ ಎರಡು ಸಾಲು ಇದೆ: "ಇನ್ನು ಮುಂದೆ ಹೊಲಿಯುವ ತೊಂದರೆಯೇ ಬೇಡ" ಮತ್ತು "ಕೆಲವೇ ನಿಮಿಷದಲ್ಲಿ ನಿಮ್ಮ ಪುಸ್ತಕ ರೆಡಿ". ಜೊತೆಗೆ ಮೊದಲ ಸೆಕೆಂಡಲ್ಲೇ ಏನಾದರೂ ಹರಿಯಬೇಕಂತೆ. ಎರಡೂ ಸಾಲು ಹೊಡೆದುಹಾಕಿ, "ಹೊಲಿದ ಮೇಲೆ ಬೆನ್ನಿಗೆ ಹಚ್ಚಲು" ಅಂತ ಬರೆದು ವಾಪಸ್ ಕಳಿಸಿದ್ದೇನೆ. ಹರಿಯುವುದರ ಬದಲು ಹಾಳೆ ಬಾಗಿಸುವುದರಿಂದ ಶುರು ಮಾಡುತ್ತೇನೆ, ಜನ ಅದನ್ನು ಎರಡೆರಡು ಸಲ ನೋಡುತ್ತಾರೆ ಅಂತ ಉಬ್ಬಿನ ಸ್ಕ್ರೀನ್‌ಶಾಟ್ ಕೂಡ ಲಗತ್ತಿಸಿದ್ದೇನೆ.

ಇನ್ನೂ ಉತ್ತರ ಬಂದಿಲ್ಲ. ದುಡ್ಡು ಚೆನ್ನಾಗಿದೆ, ಬೇಡ ಅಂದರೆ ಬೇಜಾರಂತೂ ಆಗುತ್ತದೆ.

---

ನೇರನುಡಿ

ಗ್ರಾಫ್ ತೋರಿಸಿ ಚೌಕಾಸಿ ಮಾಡಿದ್ರಾ? ನಿಮ್ಮ ಬಗ್ಗೆ ಅಭಿಪ್ರಾಯ ಬದಲಾಯಿಸುತ್ತಿದ್ದೇನೆ. ಅವರು ಏನಂದರು ಅಂತ ಇಲ್ಲೇ ಹಾಕಿ. ಹಾಗೇ ಆ ಹೊಸ ದೀಪ ಎಡಗಡೆಯಿಂದ ಬರಲಿ, ನೀವು ಬಲಗೈಯಲ್ಲಿ ಹೊಲಿಯುವುದರಿಂದ ನೆರಳು ಸರಿಯಾಗಿ ಸೂಜಿಯ ಮೇಲೇ ಬೀಳುತ್ತಿದೆ.